ಗೆಣಸಿನವನ ಬೈಗುಳ

"ಗುರುಗಳೇ, ನೀವು ನನ್ನನ್ನ ಬೀಳಿಸ್ತೀರಲ್ಲ, ಆಗ ನಾನು ನಿಜವಾಗ್ಲೂ ಬೀಳ್ತೀನಾ, ಇಲ್ಲ ನಾನಾಗೇ ಬಿದ್ದುಬಿಡ್ತೀನಾ?"

ಇಂದುಮತಿ ಇದನ್ನು ಕೇಳಿದ್ದು ಅಭ್ಯಾಸ ಮುಗಿದು ಉಳಿದವರೆಲ್ಲ ಮೆಟ್ಟಿಲಿಳಿದು ಹೋದ ಮೇಲೆ. ಅಲ್ಲಿಯವರೆಗೂ ಅವಳು ಹಾಸುಗಳ ಧೂಳು ಕೊಡವುವ ನೆಪದಲ್ಲಿ ಅಲ್ಲೇ ಸುಳಿದಾಡುತ್ತಿದ್ದಳು. ಕೇಳಿಬಿಟ್ಟ ಮೇಲೆ, ಕೇಳಬಾರದಿತ್ತೇನೋ ಎಂದು ಹೆದರಿದಳು.

ಮೈಸೂರಿನ ಒಂದು ಹಾಸಿಗೆ ಅಂಗಡಿಯ ಮಹಡಿಯ ಮೇಲೆ ತಮ್ಮಯ್ಯನವರು ಐಕಿಡೊ ಎಂಬ ಜಪಾನಿನ ಆತ್ಮರಕ್ಷಣೆಯ ವಿದ್ಯೆ ಕಲಿಸುತ್ತಿದ್ದರು. ನೆಲದ ದಪ್ಪ ಹಾಸುಗಳನ್ನು ಕೆಳಗಿನ ಅಂಗಡಿಯವನೇ ತೆಂಗಿನ ನಾರು ತುಂಬಿ ಹೊಲಿದುಕೊಟ್ಟಿದ್ದ. ಅವುಗಳ ಮೇಲೆ ಬಿದ್ದೆದ್ದೇ ಇಂದುಮತಿ ದೊಡ್ಡವಳಾಗಿದ್ದಳು. ಅಲ್ಲಿ ಪಂದ್ಯವಿಲ್ಲ, ಪದಕವಿಲ್ಲ. ಒಬ್ಬರು ಬಂದು ಕೈ ಹಿಡಿಯುತ್ತಾರೆ, ಇಲ್ಲವೇ ಹೊಡೆಯಲು ಬರುತ್ತಾರೆ. ಇನ್ನೊಬ್ಬರು ಆ ಬಲವನ್ನು ತಡೆಯದೆ ಪಕ್ಕಕ್ಕೆ ತಿರುಗಿ, ಅದು ಹೊರಟ ದಾರಿಯಲ್ಲೇ ಅದನ್ನು ಸಾಗಹಾಕಿ, ಬಂದವರನ್ನು ನೆಲಕ್ಕೆ ಇಳಿಸುತ್ತಾರೆ. ಬಿದ್ದವರು ಎದ್ದು ವಂದಿಸುತ್ತಾರೆ. ಆಮೇಲೆ ಸರದಿ ಬದಲಾಗುತ್ತದೆ. ಬೀಳುವುದರಲ್ಲಿ ಇಂದುಮತಿಯನ್ನು ಮೀರಿಸುವವರು ಆ ಮಹಡಿಯಲ್ಲಿ ಇರಲಿಲ್ಲ. ಗುರುಗಳು ಹೊರಗೆ ಎಲ್ಲಾದರೂ ವಿದ್ಯೆ ತೋರಿಸಬೇಕಾದರೆ, ಅವರ ಕೈ ಹಿಡಿದು ಬೀಳಲು ಅವಳೇ ಆಗಬೇಕಿತ್ತು.

ಮರುದಿನ ಅವಳು ಒಂದು ಹೆಣ್ಣುಮಕ್ಕಳ ಹಾಸ್ಟೆಲಿಗೆ ಹೋಗಬೇಕಾಗಿತ್ತು. ಅಲ್ಲಿಯ ಹುಡುಗಿಯೊಬ್ಬಳ ಕೈಯನ್ನು ಬಸ್ ನಿಲ್ದಾಣದ ದಾರಿಯಲ್ಲಿ ಯಾರೋ ಹಿಡಿದು ಎಳೆದಿದ್ದರು. ಅವಳು ಕೂಗಿಕೊಂಡು, ಜನ ಸೇರಿ, ಹೇಗೋ ಪಾರಾಗಿದ್ದಳು. ಅಂದಿನಿಂದ ಹಾಸ್ಟೆಲಿನ ಹುಡುಗಿಯರಿಗೆ ಗೇಟು ದಾಟುವುದೆಂದರೆ ಜೀವ ಬಾಯಿಗೆ ಬರುತ್ತಿತ್ತು. ವಾರ್ಡನ್ ಬಂದು ಸಹಾಯ ಬೇಡಿದಾಗ ಗುರುಗಳು ಇಂದುಮತಿಯ ಕಡೆ ನೋಡಿ, ಇನ್ನು ಕಲಿಸುವವಳು ಇವಳೇ ಎಂದುಬಿಟ್ಟರು. ಅವಳು ಹಿಗ್ಗಿ ಹೀರೇಕಾಯಿಯಾದಳು. ಆದರೆ ಹಿಗ್ಗು ಇಳಿದ ಮೇಲೆ ತಲೆಗೆ ಹುಳ ಹೊಕ್ಕಿತು. ಈಚೆಗೆ ಅವಳಿಗೊಂದು ಗುಮಾನಿ: ಗುರುಗಳ ಕೈ ತಿರುಗುವ ಮೊದಲೇ ತನ್ನ ಮೈ ಹೊರಟಿರುತ್ತದೆ. ಹಾಗಿದ್ದರೆ ತಾನು ಕಲಿತದ್ದು ಪಟ್ಟೋ, ಬರೀ ಮರ್ಯಾದೆಯೋ? ನಾಳೆ ಒಬ್ಬ ಹುಡುಗಿ ತನ್ನ ಮಾತು ನಂಬಿ ಧೈರ್ಯವಾಗಿ ಹೊರಗೆ ಹೋಗಿ, ಬೇಕಾದ ಹೊತ್ತಿನಲ್ಲಿ ಆ ಪಟ್ಟು ಕೈಕೊಟ್ಟರೆ?

ತಮ್ಮಯ್ಯನವರು ತಮ್ಮ ಅಗಲ ನೆರಿಗೆಯ ಉಡುಪನ್ನು ಮಡಿಸುತ್ತಿದ್ದರು. ಅವರಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಮಡಿಕೆ ಮುಗಿಸಿ, ಕನ್ನಡಕ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟು, ಕಣ್ಣುಜ್ಜಿಕೊಂಡು, ಕೂತುಕೋ ಎಂದು ಕೈಸನ್ನೆ ಮಾಡಿದರು. ಅವಳು ಕೂತಳು. ಅವರು ಕತೆ ಹೇಳಿದರು.

ಜಪಾನಿನ ಬೆಟ್ಟದ ಕಡೆಯ ಒಂದು ಊರಿನಲ್ಲಿ ಒಬ್ಬ ಗುರು ಇದ್ದ. ಚಿಕ್ಕಂದಿನಲ್ಲಿ ಅವನು ನರಪೇತಲ. ಗಾಳಿ ಬಂದರೆ ಹಾರಿಹೋಗುತ್ತಾನೆಂದು ಓರಗೆಯವರು ಗೇಲಿ ಮಾಡುತ್ತಿದ್ದರು. ಅದನ್ನು ತಾಳಲಾರದೆ ಒಬ್ಬ ಹಿರಿಯನ ಹತ್ತಿರ ಹೋಗಿ, ಜನರನ್ನು ಬೀಳಿಸುವುದು ಹೇಗೆಂದು ಕಲಿಸಿ ಎಂದ. ಹಿರಿಯ, ಮೊದಲು ಬೀಳುವುದನ್ನು ಕಲಿ ಎಂದ. ಹುಡುಗನಿಗೆ ನಿರಾಶೆಯಾಯಿತು. ಅದು ನನಗೆ ಕಲಿಸದೆಯೇ ಬರುತ್ತದೆ ಎಂದು ಗೊಣಗಿದ. ಆದರೂ ಉಳಿದ. ಬೆಳಿಗ್ಗೆ ಹಿರಿಯನ ಗದ್ದೆಯಲ್ಲಿ ಕೆಲಸ, ಸಂಜೆ ಬೀಳುವ ಕೆಲಸ. ಹುಲ್ಲಿನ ಮೇಲೆ ಬಿದ್ದ, ಚಾಪೆಯ ಮೇಲೆ ಬಿದ್ದ, ಬರಿನೆಲದ ಮೇಲೆ ಬಿದ್ದ. ಹೆಗಲಿನಿಂದ ಸೊಂಟಕ್ಕೆ ಗಾಲಿಯಂತೆ ಉರುಳಿ ಎದ್ದು ನಿಲ್ಲುವುದು ಉಸಿರಾಡಿದಷ್ಟು ಸಲೀಸಾಯಿತು.

ಪಟ್ಟುಗಳು ಬಂದದ್ದು ಆಮೇಲೆ. ನಿನ್ನ ಕೈ ಹಿಡಿದರೆ ಎಳೆದುಕೊಳ್ಳಬೇಡ, ಕೈಯನ್ನು ಅವನಿಗೇ ಬಿಟ್ಟು ನೀನು ಸುತ್ತು ತಿರುಗು. ಹೊಡೆಯಲು ಬಂದರೆ ಹಿಂದೆ ಸರಿಯಬೇಡ, ಏಟಿನ ಪಕ್ಕದಿಂದ ಒಳಗೆ ಹೆಜ್ಜೆಯಿಡು. ಮಣಿಕಟ್ಟು ತಿರುಗಿಸುವುದು ಬೆರಳುಗಳಿಂದಲ್ಲ, ಸೊಂಟದಿಂದ. ಸೊಂಟ ತಿರುಗುವುದು ಪಾದದಿಂದ. ಹೀಗೆ ಹಿರಿಯ ಹೇಳುತ್ತಿದ್ದ. ಹೇಳಿ ಸುಮ್ಮನಾಗುತ್ತಿರಲಿಲ್ಲ, ತಾನೇ ಬಂದು ಹುಡುಗನ ಕೈ ಹಿಡಿಯುತ್ತಿದ್ದ. ಪಟ್ಟು ತಪ್ಪಿದರೆ ಆ ಮುದುಕ ಜಪ್ಪಯ್ಯ ಎಂದರೂ ಕದಲುತ್ತಿರಲಿಲ್ಲ. ಒಂದೊಂದು ಪಟ್ಟಿಗೂ ಒಂದೊಂದು ಮಳೆಗಾಲ ಹಿಡಿಯಿತು. ಆ ಮುದುಕ ಮೊದಲ ಸಲ ನೆಲಕ್ಕೆ ಉರುಳಿದ ದಿನ ಹುಡುಗ ಅತ್ತುಬಿಟ್ಟ.

ಹಿರಿಯ ತೀರಿಕೊಂಡ. ಹುಡುಗ ಬೆಳೆದು ಗುರುವಾದ. ಅವನ ಹೆಸರು ಕೇಳಿ ಶಿಷ್ಯರು ಬಂದರು. ಶಿಷ್ಯರು ಬಂದ ಮೇಲೆ ದೊಡ್ಡ ಅಂಗಳವಾಯಿತು, ಅಂಗಳಕ್ಕೆ ನೋಡುವವರು ಬಂದರು. ಬಿದ್ದವನು ಚೆಂದವಾಗಿ ಬಿದ್ದರೆ, ಬೀಳಿಸಿದವನ ವಿದ್ಯೆ ನೋಡುವವರಿಗೆ ಚೆಂದ ಕಾಣುತ್ತದೆ. ಶಿಷ್ಯರಿಗೆ ಗುರುವಿನ ಮೇಲೆ ಪ್ರೀತಿಯಿತ್ತು, ಆದ್ದರಿಂದ ಚೆಂದವಾಗಿ ಬಿದ್ದರು. ಒಬ್ಬ ಮೊಳ ಹಾರಿ ಬಿದ್ದರೆ ಇನ್ನೊಬ್ಬ ಮಾರು ಹಾರಿ ಬಿದ್ದ. ಯಾರೂ ಮೋಸ ಮಾಡಬೇಕೆಂದು ಮಾಡಲಿಲ್ಲ. ಗುರುವಿಗೆ ವಯಸ್ಸಾಗುತ್ತಿತ್ತು, ಅವನ ವಿದ್ಯೆಗೆ ಮಾತ್ರ ಹರೆಯ ಬಂದಂತಿತ್ತು.

ಒಂದು ಬೆಳಿಗ್ಗೆ ಹಿರಿಯ ಶಿಷ್ಯ ಕೈ ಎತ್ತಿ ಹೊಡೆಯಲು ನುಗ್ಗಿ ಬಂದ. ಅದೇ ಹೊತ್ತಿಗೆ ಗುರುವಿನ ಮೂಗಿನ ಮೇಲೆ ಒಂದು ನೊಣ ಕೂತಿತು. ಗುರು ಅದನ್ನು ಓಡಿಸಲು ಕೈ ಬೀಸಿದ. ಶಿಷ್ಯ ಗಾಳಿಯಲ್ಲಿ ಒಂದು ಸುತ್ತು ಉರುಳಿ, ಅಂಗಳದ ಆ ಕೊನೆಯಲ್ಲಿ ಬಿದ್ದು, ಎದ್ದು, ನಡು ಬಗ್ಗಿಸಿ ವಂದಿಸಿದ. ನೋಡುವವರು ಅಬ್ಬಾ ಎಂದರು. ನೊಣ ಒಂದು ಸುತ್ತು ಹಾರಿ ಮತ್ತೆ ಗುರುವಿನ ಮೂಗಿನ ಮೇಲೇ ಬಂದು ಕೂತಿತು.

ಇಂದುಮತಿಗೆ ನಗು ತಡೆಯಲಾಗಲಿಲ್ಲ. ತಮ್ಮಯ್ಯನವರೂ ಸ್ವಲ್ಪ ನಕ್ಕರು.

ಆ ಗುರು ಮಾತ್ರ ನಗಲಿಲ್ಲ. ನಾನು ಒಬ್ಬನನ್ನು ನಿಜವಾಗಿ ಬೀಳಿಸಿ ಎಷ್ಟು ಕಾಲವಾಯಿತು ಎಂದು ತನ್ನನ್ನೇ ಕೇಳಿಕೊಂಡ. ಅಂದಿನಿಂದ ಅವನಿಗೆ ಅದೊಂದೇ ಕುತೂಹಲ. ಒಂದು ದಿನ ಬೇಕೆಂದೇ ಎಡಕ್ಕೆ ಇಡಬೇಕಾದ ಹೆಜ್ಜೆಯನ್ನು ಬಲಕ್ಕೆ ಇಟ್ಟ. ಶಿಷ್ಯ ಬಿದ್ದ. ಇನ್ನೊಂದು ದಿನ ಮಣಿಕಟ್ಟನ್ನು ಉಲ್ಟಾ ತಿರುಗಿಸಿದ. ಶಿಷ್ಯ ಇನ್ನೂ ಚೆಂದವಾಗಿ ಬಿದ್ದ, ಇದು ಹೊಸ ಪಟ್ಟಿರಬೇಕೆಂದು ಉಳಿದವರು ತಮ್ಮತಮ್ಮಲ್ಲೇ ಪಿಸುಗುಟ್ಟಿದರು. ಕೊನೆಗೆ ಗುರು ಆ ಹಿರಿಯ ಶಿಷ್ಯನನ್ನು ಪಕ್ಕಕ್ಕೆ ಕರೆದು, ಇನ್ನು ಮೇಲೆ ಸುಮ್ಮಸುಮ್ಮನೆ ಬೀಳಬೇಡ ಎಂದು ಕಟ್ಟುನಿಟ್ಟಾಗಿ ಹೇಳಿದ. ಮರುದಿನ ಶಿಷ್ಯ ಕೈ ಹಿಡಿದು ಕಂಬದಂತೆ ನಿಂತ. ಗುರು ಏನು ಮಾಡಿದರೂ ಕದಲಲಿಲ್ಲ. ನಿಜವಾಗಿಯೂ ಬೀಳಬೇಕಾದಲ್ಲಿಯೂ ಹಲ್ಲು ಕಚ್ಚಿಕೊಂಡು, ಮುಖ ಕೆಂಪಗೆ ಮಾಡಿಕೊಂಡು ನಿಂತೇ ಇದ್ದ. ಬೀಳಬೇಡ ಎಂದು ಗುರುವಿನ ಅಪ್ಪಣೆಯಾಗಿತ್ತಲ್ಲ. ನಿನ್ನೆ ಬಿದ್ದದ್ದೂ ಮರ್ಯಾದೆ, ಇಂದು ನಿಂತದ್ದೂ ಮರ್ಯಾದೆ.

"ಆ ದೇಶದಲ್ಲಿ ನಮ್ಮ ಹಾಗೆ ಗುರುವಿನ ಕಾಲಿಗೆ ಬೀಳೋ ಪದ್ಧತಿ ಇಲ್ಲ. ಬಗ್ಗಿ ವಂದಿಸ್ತಾರೆ, ಅಷ್ಟೆ" ಎಂದರು ತಮ್ಮಯ್ಯನವರು. "ಆದ್ರೂ ಅವನಿಗೆ ಆವತ್ತು ಅರ್ಥವಾಯ್ತು. ಇವರು ಯಾರೂ ತನ್ನ ಪಟ್ಟಿಗೆ ಬೀಳ್ತಿಲ್ಲ, ತನ್ನ ಕಾಲಿಗೆ ಬೀಳ್ತಿದಾರೆ ಅಂತ."

ಇಂದುಮತಿಯ ಮುಖದ ಮೇಲಿನ ನಗು ಮಾಯವಾಯಿತು. ಪ್ರತಿದಿನ ಅಭ್ಯಾಸಕ್ಕೆ ಮೊದಲು ಅವಳು ತಮ್ಮಯ್ಯನವರ ಕಾಲಿಗೆ ಬೀಳುತ್ತಿದ್ದಳು. ಆಮೇಲೆ ಅವರ ಕೈ ಹಿಡಿದು ಬೀಳುತ್ತಿದ್ದಳು. ಎರಡಕ್ಕೂ ಒಂದೇ ಮಾತು ಎಂಬುದು ಇಷ್ಟು ವರ್ಷ ಅವಳಿಗೆ ಹೊಳೆದೇ ಇರಲಿಲ್ಲ.

ಗುರು ಯಾರಿಗೂ ಹೇಳದೆ ಊರು ಬಿಟ್ಟ. ಮಾಸಿದ ಬಟ್ಟೆ ಹಾಕಿಕೊಂಡು, ತನ್ನನ್ನು ಬಲ್ಲವರಿಲ್ಲದ ದೂರದ ಒಂದು ಸಂತೆಗೆ ಹೋದ. ಅವನಿಗೆ ಬೇಕಾಗಿದ್ದದ್ದು ಇಷ್ಟೆ: ತನ್ನ ಮೇಲೆ ಚೂರೂ ಮರ್ಯಾದೆಯಿಲ್ಲದ ಒಬ್ಬ ಮನುಷ್ಯ. ಮೊದಲು ಒಬ್ಬ ವ್ಯಾಪಾರಿಯ ಹತ್ತಿರ ಹೋಗಿ, ನನ್ನ ಮಣಿಕಟ್ಟನ್ನು ಸ್ವಲ್ಪ ಗಟ್ಟಿಯಾಗಿ ಹಿಡಿಯುತ್ತೀಯಾ ಎಂದು ಕೇಳಿದ. ವ್ಯಾಪಾರಿ ಅವನನ್ನು ಮೇಲಿಂದ ಕೆಳಗೆ ನೋಡಿ, ತನ್ನ ಗಲ್ಲಾಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಎಷ್ಟು ಕೇಳಿದರೂ ಕೈ ಪೆಟ್ಟಿಗೆಯ ಮೇಲಿಂದ ಎತ್ತಲಿಲ್ಲ. ಗುರು ಮುಂದಕ್ಕೆ ನಡೆದ.

ಸಂತೆಯ ಕೊನೆಯಲ್ಲಿ ಒಬ್ಬ ರೈತ ಗಾಡಿಯಿಂದ ಗೆಣಸಿನ ಬುಟ್ಟಿಗಳನ್ನು ಇಳಿಸುತ್ತಿದ್ದ. ಗುರು ಅವನನ್ನೂ ಕೇಳಿದ. ಬುಟ್ಟಿ ಇಳಿಸಲು ಕೈಹಾಕುವುದಾದರೆ ನಾನೂ ಕೈ ಹಿಡಿಯುತ್ತೇನೆ ಎಂದು ರೈತ ಅಂದ. ಅದು ನ್ಯಾಯವಾಗಿಯೇ ಇತ್ತು. ಬುಟ್ಟಿಗಳು ಇಳಿದವು. ರೈತ ಗುರುವಿನ ಮಣಿಕಟ್ಟು ಹಿಡಿದ. ಗುರು ತಿರುಗಿದ. ಏನೂ ಆಗಲಿಲ್ಲ. ಮತ್ತೆ ತಿರುಗಿದ. ರೈತ ಇನ್ನೊಂದು ಕೈಯಿಂದ ಗಿರಾಕಿಗೆ ಗೆಣಸು ಆರಿಸಿ ಕೊಡುತ್ತಾ ನಿಂತಿದ್ದ.

"ಆಯ್ತಾ ತಾತ?" ಎಂದು ಕೇಳಿದ.

ಗುರುವಿಗೆ ಅಳು ಬಂದಂತಾಯಿತು. ಅವಮಾನಕ್ಕಿಂತ ಭಯ ಹೆಚ್ಚಾಗಿತ್ತು. ತಿರುಗಿದ್ದು ಕೈಯಷ್ಟೇ, ಪಾದ ಇದ್ದಲ್ಲೇ ಇತ್ತು, ಸೊಂಟ ಮರಗಟ್ಟಿತ್ತು ಎಂಬುದು ಅವನಿಗೆ ಗೊತ್ತಾಯಿತು. ಶಿಷ್ಯರು ಅವನ ಕೈಯ ಸುಳಿವಿಗೇ ಬೀಳುತ್ತಿದ್ದರು. ಪಾದದ ಕೆಲಸ ಯಾರಿಗೂ ಬೇಕಾಗಿರಲಿಲ್ಲ. ಬೇಡವಾದ ಕೆಲಸವನ್ನು ಮೈ ಒಂದೊಂದಾಗಿ ಬಿಟ್ಟುಬಿಟ್ಟಿತ್ತು. ಅಷ್ಟೊಂದು ಪ್ರೀತಿಯಿಂದ ಬಿದ್ದು ಬಿದ್ದು ಅವರು ಅವನ ವಿದ್ಯೆಯನ್ನು ಗೆದ್ದಲಿನಂತೆ ತಿಂದುಹಾಕಿದ್ದರು. ಮೇಲೆ ಮಾತ್ರ ಬಣ್ಣ ಹಾಗೇ ಇತ್ತು.

ಗುರು ಆ ಊರಿನಲ್ಲೇ ಉಳಿದ. ಒಂದು ಮನೆಯ ಹಿತ್ತಿಲಲ್ಲಿ ಜಾಗ ಕೇಳಿಕೊಂಡು, ಹಿರಿಯ ಹೇಳಿಕೊಟ್ಟ ಮೊದಲ ಹೆಜ್ಜೆಯಿಂದ ಮತ್ತೆ ಶುರು ಮಾಡಿದ. ಪಾದ ತಿರುಗಬೇಕು, ಸೊಂಟ ಹಿಂಬಾಲಿಸಬೇಕು, ಕೈ ಕೊನೆಗೆ ಬರಬೇಕು. ಆ ಮನೆಯವರು ಇವನಿಗೆ ಎಲ್ಲೋ ನಟ್ಟು ಸಡಿಲವೆಂದುಕೊಂಡು ಹೊತ್ತಿಗೆ ಸರಿಯಾಗಿ ಗಂಜಿ ಕೊಡುತ್ತಿದ್ದರು. ಸಂತೆಯ ದಿನ ಬಂದರೆ ಗಾಡಿಯ ಹತ್ತಿರ ಹಾಜರಾಗುತ್ತಿದ್ದ. ಬುಟ್ಟಿ ಇಳಿಸುತ್ತಿದ್ದ, ಕೈ ಚಾಚುತ್ತಿದ್ದ. ರೈತ ಹಿಡಿಯುತ್ತಿದ್ದ, ಕದಲುತ್ತಿರಲಿಲ್ಲ. ಸುತ್ತಲಿನವರಿಗೆ ಅದೊಂದು ತಮಾಷೆಯಾಯಿತು. ತಾತ ಇವತ್ತಾದರೂ ಬಿಡಿಸಿಕೊಂಡನಾ ಎಂದು ಅವರಿವರು ವಿಚಾರಿಸತೊಡಗಿದರು. ರೈತನಿಗೂ ಕೂಲಿಯಿಲ್ಲದ ಆಳು ಸಿಕ್ಕಿದ್ದರಿಂದ ಅವನು ಏನೂ ಆಕ್ಷೇಪಣೆ ಮಾಡಲಿಲ್ಲ.

ಹೀಗೇ ಒಂದು ಸಂತೆಯಲ್ಲಿ ರೈತ ಎಂದಿನಂತೆ ಮಣಿಕಟ್ಟು ಹಿಡಿದ. ಅಂದು ಗುರು ಬೀಳಿಸಬೇಕೆಂದು ಹೊರಡಲಿಲ್ಲ. ಬುಟ್ಟಿ ಹೊತ್ತು ಹೊತ್ತು ದಣಿದಿದ್ದ. ಕೈಯನ್ನು ರೈತನಿಗೇ ಬಿಟ್ಟು, ಇನ್ನೊಂದು ಬುಟ್ಟಿಯ ಕಡೆ ಹೊರಟವನಂತೆ ಪಾದ ತಿರುಗಿಸಿದ. ಸೊಂಟ ತಿರುಗಿತು. ರೈತನ ಹೆಬ್ಬೆರಳು ಜಾರಿತು, ಜಾರಿದ್ದನ್ನು ಮತ್ತೆ ಹಿಡಿಯಲು ಅವನು ಮುಂದಕ್ಕೆ ಬಾಗಿದ, ಬಾಗಿದ ಕಡೆಗೆ ಗುರುವಿನ ಕೈ ಇಳಿಯಿತು. ಮರುಗಳಿಗೆಯಲ್ಲಿ ರೈತ ತನ್ನ ಗೆಣಸಿನ ಬುಟ್ಟಿಯೊಳಗೆ ಕೂತಿದ್ದ.

ಅವನು ಎದ್ದು ವಂದಿಸಲಿಲ್ಲ. ಏಳಲು ಆಗಲೂ ಇಲ್ಲ, ಬುಟ್ಟಿ ಸೊಂಟಕ್ಕೆ ಕಚ್ಚಿಕೊಂಡಿತ್ತು.

"ನಿನ್ನ ಮನೆ ಹಾಳಾಗ ಮುದುಕ, ನನ್ನ ಗೆಣಸೆಲ್ಲ ಅಪ್ಪಚ್ಚಿ ಮಾಡಿದೆಯಲ್ಲೊ" ಎಂದು ಬಾಯಿತುಂಬ ಬೈದ.

ಗುರುವಿನ ಕಣ್ಣಲ್ಲಿ ನೀರು ಬಂತು. ತನ್ನಿಂದ ಬಿದ್ದವನೊಬ್ಬ ತನ್ನನ್ನು ಬೈದು ಎಷ್ಟು ಕಾಲವಾಗಿತ್ತೋ ಏನೋ. ಅವನು ರೈತನನ್ನು ಬುಟ್ಟಿಯಿಂದ ಎಳೆದು ಎಬ್ಬಿಸಿದ, ಅಪ್ಪಚ್ಚಿಯಾದ ಗೆಣಸನ್ನೆಲ್ಲ ತಾನೇ ಕೊಂಡುಕೊಂಡ, ಸಂತೆಯ ನಡುವೆ ಅವನಿಗೆ ನಡು ಬಗ್ಗಿಸಿ ವಂದಿಸಿದ. ರೈತ ಇನ್ನೂ ಬೈಯುತ್ತಲೇ ಇದ್ದ. ಗುರು ಅದನ್ನು ಕೇಳುತ್ತಾ, ಗೆಣಸಿನ ಗಂಟು ಹೊತ್ತುಕೊಂಡು, ಖುಷಿಯಿಂದ ತನ್ನ ಊರಿನ ದಾರಿ ಹಿಡಿದ.

ಊರಿಗೆ ಬಂದ ಮೇಲೆ ಅವನು ಶಿಷ್ಯರನ್ನು ಬೀಳಿಸುವುದನ್ನು ಬಿಟ್ಟುಬಿಟ್ಟ. ತನ್ನ ಹಿರಿಯ ಮಾಡುತ್ತಿದ್ದಂತೆ, ತಾನೇ ಹೋಗಿ ಅವರ ಕೈ ಹಿಡಿಯತೊಡಗಿದ. ನೀವು ಬೀಳಿಸಿ, ನಾನು ಬೀಳುತ್ತೇನೋ ನೋಡೋಣ ಎಂದ. ಹಿರಿಯ ಶಿಷ್ಯ ಮೊದಲು ಬಂದ. ಗುರು ಕದಲಲಿಲ್ಲ. ಅಂಗಳದ ಆ ಕೊನೆಯವರೆಗೆ ಹಾರಿ ಬೀಳಬಲ್ಲ ಆ ಶಿಷ್ಯನಿಗೆ ಒಬ್ಬ ಮುದುಕನ ಹಿಡಿತ ಬಿಡಿಸಿಕೊಳ್ಳಲು ಆಗಲಿಲ್ಲ. ಅವನು ತಲೆ ತಗ್ಗಿಸಿಕೊಂಡು ಹೊರಗೆ ಹೋದ. ಬಹಳ ಜನ ಬೇಸರಪಟ್ಟು ಬಿಟ್ಟುಹೋದರು. ನೋಡುವವರೂ ಬರುವುದು ನಿಂತಿತು, ನೋಡಲು ಅಲ್ಲಿ ಏನೂ ಇರಲಿಲ್ಲ. ಒಬ್ಬ ಮುದುಕ ಯಾರದೋ ಕೈ ಹಿಡಿದುಕೊಂಡು ಸುಮ್ಮನೆ ನಿಂತಿರುತ್ತಿದ್ದ.

ಉಳಿದ ಕೆಲವರು ನಿಧಾನವಾಗಿ ಕಲಿತರು. ತಲೆ ತಗ್ಗಿಸಿ ಹೋದವನೂ ಒಂದು ದಿನ ವಾಪಸು ಬಂದ. ಯಾರಾದರೂ ಆ ಗುರುವನ್ನು ನಿಜವಾಗಿ ಬೀಳಿಸಿದರೆ, ಅವನು ಬಿದ್ದಲ್ಲಿಂದಲೇ, ನಿನ್ನ ಮನೆ ಹಾಳಾಗ ಎಂದು ಪ್ರೀತಿಯಿಂದ ಬೈಯುತ್ತಿದ್ದ. ಆ ಬೈಗುಳ ಕೇಳಿದವನು ಅಂದು ಮನೆಗೆ ಹೋಗಿ ಹಬ್ಬದ ಅಡಿಗೆ ಮಾಡಿಸುತ್ತಿದ್ದ.

ಕತೆ ಅಲ್ಲಿಗೆ ಮುಗಿಯಿತೆಂದು ಇಂದುಮತಿ ಅಂದುಕೊಂಡಳು. ತಮ್ಮಯ್ಯನವರು ಇನ್ನೂ ಸ್ವಲ್ಪ ಉಳಿಸಿಕೊಂಡಿದ್ದರು.

ಗುರು ತೀರಿಕೊಂಡ ಮೇಲೆ ಅಂಗಳ ಮತ್ತೆ ತುಂಬಿತು. ಹೊಸಬರಿಗೆ ಗೆಣಸಿನವನ ಕತೆ ಗೊತ್ತಿರಲಿಲ್ಲ, ಬೈಗುಳ ಮಾತ್ರ ಗೊತ್ತಿತ್ತು. ಅವರು ಅದನ್ನೂ ಪದ್ಧತಿ ಮಾಡಿಕೊಂಡರು. ಒಬ್ಬ ಮೊಳ ಹಾರಿ ಬಿದ್ದು ಬೈದರೆ, ಇನ್ನೊಬ್ಬ ಮಾರು ಹಾರಿ ಬಿದ್ದು ಬೈದ. ಈಗಲೂ ಆ ಅಂಗಳದಲ್ಲಿ ಬಹಳ ಚೆಂದವಾಗಿ ಬೀಳುತ್ತಾರಂತೆ, ಬಹಳ ಭಕ್ತಿಯಿಂದ ಬೈಯುತ್ತಾರಂತೆ.

ಇಂದುಮತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮನಸ್ಸು ಹಗುರವಾಯಿತು. ಅವಳಿಗೆ ಉತ್ತರ ಸಿಕ್ಕಿದಂತಾಗಿತ್ತು. ತಪ್ಪು ಪಟ್ಟಿನದಲ್ಲ, ಬೀಳುವವರದ್ದು. ಹಾಗಾದರೆ ತಾನು ಬೀಳದಿದ್ದರಾಯಿತು. ಬೀಳಲೇಬೇಕಾದಾಗ ಮಾತ್ರ ಬಿದ್ದರಾಯಿತು. ಇಷ್ಟು ಸುಲಭದ್ದಕ್ಕೆ ಇಷ್ಟೊಂದು ತಲೆ ಕೆಡಿಸಿಕೊಂಡಿದ್ದೆನಲ್ಲ ಎಂದುಕೊಂಡಳು. ಅದನ್ನೇ ಗುರುಗಳಿಗೂ ಹೇಳಿದಳು. ಇನ್ನು ಮೇಲೆ ಗೆಣಸಿನವನ ಹಾಗೆಯೇ ಹಿಡಿಯುತ್ತೇನೆ, ಬೇಕಾದರೆ ಈಗಲೇ ನೋಡಿ ಎಂದಳು.

ತಮ್ಮಯ್ಯನವರು ಎದ್ದು ನಿಂತು ಬಲಗೈ ಚಾಚಿದರು. ಇಂದುಮತಿ ಎರಡೂ ಕೈಗಳಿಂದ ಅವರ ಮಣಿಕಟ್ಟನ್ನು ಭದ್ರವಾಗಿ ಹಿಡಿದಳು. ಪಾದಗಳನ್ನು ಹಾಸಿನ ಮೇಲೆ ಊರಿದಳು. ಮೈಯಲ್ಲಿ ಒಂದಿಷ್ಟೂ ಮರ್ಯಾದೆ ಉಳಿಯದಂತೆ ನೋಡಿಕೊಂಡಳು. ಬೀಳಬಾರದು ಎಂದು ಮನಸ್ಸಿನಲ್ಲೇ ಹೇಳಿಕೊಂಡಳು.

ಗುರುಗಳ ಕೈ ಮೆಲ್ಲಗೆ ಮೇಲೆದ್ದು ಪಕ್ಕಕ್ಕೆ ಹೋಯಿತು. ಅವಳ ಹೆಗಲು ತಾನಾಗಿ ಬಾಗಿತು, ಬೆನ್ನು ಗಾಲಿಯಂತೆ ಉರುಳಿತು, ಅಂಗೈ ಹಾಸಿನ ಮೇಲೆ ಬಡಿದ ಸದ್ದು ಮಹಡಿಯನ್ನೆಲ್ಲ ತುಂಬಿತು. ಬಹಳ ಚೆಂದವಾಗಿ ಬಿದ್ದಿದ್ದಳು. ಎದ್ದು ಮಂಡಿಯೂರಿ, ವಂದಿಸಲು ತಲೆ ಬಾಗಿಸಿದವಳು ಅರ್ಧಕ್ಕೇ ನಿಂತಳು. ತಮ್ಮಯ್ಯನವರು ಕಿಟಕಿಯ ಕಟ್ಟೆಯ ಮೇಲಿದ್ದ ಕನ್ನಡಕವನ್ನು ಎತ್ತಿ, ಅಂಗಿಯ ತುದಿಯಿಂದ ಒರೆಸಿ, ಮೂಗಿಗೇರಿಸಿಕೊಂಡು ಅವಳನ್ನು ನೋಡುತ್ತಿದ್ದರು.

"ನಾನು ಕೈ ಎತ್ತಿದ್ದು ಕನ್ನಡಕಕ್ಕಮ್ಮ, ನಾಳೆ ಆ ಹುಡುಗೀರ ಕೈ ಹಿಡಿಯೋಳು ನೀನು."